ಬೋಲ್ಟು ಇಲ್ಲದ ಬಂದೂಕು

ಮೊನ್ನೆ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಉಡುಪಿಯ ನಮ್ಮ ಜಗಲಿಯಿಂದ ನಾನು ನೇರ ಸೂರಿಗೆ ಹೋಗಿಬಿಟ್ಟೆ.

ಸೂರ್ ಒಮಾನಿನ ಕಡಲತೀರದ ಊರು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಅಲ್ಲಿ ನನ್ನದೊಂದು ಕಾರಿನ ಸೀಟು ಹೊಲಿಯುವ ಅಂಗಡಿ ಇತ್ತು. ಗ್ಯಾಸ್ ಪ್ಲಾಂಟಿನ ಇಂಜಿನಿಯರುಗಳಿಂದ ಹಿಡಿದು ಮೀನಿನ ಪಿಕಪ್‌ನವರ ತನಕ ಎಲ್ಲರೂ ಗಿರಾಕಿಗಳೇ. ನಿಮಗೊಂದು ಮಾತು ಹೇಳಿಡುತ್ತೇನೆ, ಉಪಯೋಗಕ್ಕೆ ಬಂದೀತು: ಗಿರಾಕಿಗೆ ಮೊದಲು ದರ ಹೇಳಬೇಡಿ, ಚಹಾ ಕೊಡಿ. ಬಿಸಿ ಲೋಟ ಕೈಯಲ್ಲಿರುವ ಮನುಷ್ಯ ಎದ್ದು ಹೋಗಲಾರ.

ಆ ಚಹಾಕ್ಕೆಂದೇ ದಿನವೂ ಬರುತ್ತಿದ್ದವರು ಸಯೀದಜ್ಜ. ಅವರಿಗೆ ಕಾರೇ ಇರಲಿಲ್ಲ! ಸೈನ್ಯದಿಂದ ನಿವೃತ್ತರಾದವರು; ಬಿಳಿ ಗಡ್ಡ, ಸೆಟೆದ ಬೆನ್ನು. ತೊಂದರೆ ಎಂದರೆ ಮರೆವು. ಪಿಂಚಣಿಯನ್ನು ಬ್ಯಾಂಕಿನ ಬಾಗಿಲಲ್ಲೇ ಕೈಚಾಚಿದವರಿಗೆಲ್ಲ ಹಂಚಿ, ಸಂಜೆ ‘ಪಿಂಚಣಿ ಬಂತೇ?’ ಎಂದು ಮತ್ತೆ ಕೇಳಲು ಹೋಗುತ್ತಿದ್ದರಂತೆ. ಕೊನೆಗೆ ಕೋರ್ಟು ಅದರ ಉಸ್ತುವಾರಿಯನ್ನು ಅವರ ತಮ್ಮನ ಮಗ ನಾಸಿರನಿಗೆ ವಹಿಸಿತ್ತು. ಅಜ್ಜ ಅದಕ್ಕೇನೂ ಬೇಸರಿಸಲಿಲ್ಲ. ಬೇಸರವಾದದ್ದು ನಾಸಿರ ಅವರ ಹಳೆಯ ಬಂದೂಕಿನ ಮೇಲೂ ಕಣ್ಣಿಟ್ಟಾಗ.

ಆ ಕಡೆ ಈದ್ ದಿನ ಗಂಡಸರು ಡೋಲಿನ ಬಡಿತಕ್ಕೆ ಸಾಲುಗಟ್ಟಿ ಕುಣಿಯುತ್ತಾರೆ, ಗುಂಡಿಲ್ಲದ ಬರೀ ಮದ್ದು ಹಾರಿಸುತ್ತಾರೆ. ಬಂದೂಕು ಇದ್ದವರು ಮುಂದಿನ ಸಾಲಿನಲ್ಲಿ. ಬರಿಗೈಯವರು ಹಿಂದೆ, ಮಕ್ಕಳ ಜೊತೆ.

ನಾಸಿರ ಒಂದು ದಿನ ಪಿಕಪ್ಪಿನ ಸೀಟು ತಂದವನು ಅಜ್ಜನ ಎದುರಿಗೇ ಹೇಳಿದ: “ಪಿಂಚಣಿ ಇಟ್ಟುಕೊಳ್ಳಲು ಬಾರದವರಿಗೆ ಬಂದೂಕು ಯಾಕೆ? ಮನೆ ತುಂಬ ಮಕ್ಕಳಿದ್ದಾರೆ. ಈದ್‌ಗೆ ಮುಂಚೆ ಪೊಲೀಸರಿಗೆ ಒಪ್ಪಿಸುತ್ತೇನೆ. ಖಲಾಸ್.”

“ಲೈಸೆನ್ಸು ನನ್ನ ಹೆಸರಲ್ಲಿದೆ,” ಎಂದರು ಅಜ್ಜ. “ಲೆಕ್ಕ ಮರೆತೆ, ನಿಜ. ಯಾರ ಕಡೆ ಗುರಿ ಹಿಡಿಯಬಾರದು ಅನ್ನೋದು ಮರೆತಿಲ್ಲ.”

ಆಗ ಸೂರಿನಲ್ಲೇ ಜೊತೆಗಿದ್ದ ಹೆಂಡತಿಗೆ ಹೇಳಿದರೆ, “ನಿಮ್ಗೆ ಯಾಕೆ ಮಾರಾಯ್ರೆ ಅವರ ಮನೆ ಪಂಚಾತಿಗೆ? ಸೀಟು ಹೊಲ್ದು ಕಳ್ಸಿ, ಸಾಕು” ಎಂದಳು. ವಿವೇಕದ ಮಾತೇ. ಆದರೆ ಇಬ್ಬರು ಎಳೆದಾಡುವುದನ್ನು ಕಂಡರೆ ನನ್ನ ನಾಲಿಗೆ ತುರಿಸುತ್ತದೆ, ಏನು ಮಾಡಲಿ?

ಚೌಕಾಸಿಯಲ್ಲಿ ಯಾರಿಗೆ ಏನು ಬೇಕು ಎಂದು ಕೇಳಬಾರದು. ಯಾರಿಗೆ ಯಾವುದರ ಹೆದರಿಕೆ ಎಂದು ನೋಡಬೇಕು. ನಾಸಿರನಿಗೆ ಗುಂಡಿನ ಹೆದರಿಕೆ, ಅಜ್ಜನಿಗೆ ಹಿಂದಿನ ಸಾಲಿನ ಹೆದರಿಕೆ. ಬಂದೂಕಿನ ಹಿಂಬದಿಯಲ್ಲಿ ಎಳೆದು ಮುಚ್ಚುವ ಬೋಲ್ಟು ಇರುತ್ತದಲ್ಲ, ಅದನ್ನು ತೆಗೆದರೆ ಗುಂಡು ಹಾರದು. ಬಂದೂಕು ಅಜ್ಜನ ಹತ್ತಿರ, ಬೋಲ್ಟು ನಾಸಿರನ ಹತ್ತಿರ, ಈದ್ ದಿನ ಎರಡನ್ನೂ ಕೂಡಿಸುವುದು ಎಂದು ತೀರ್ಮಾನ ಕೊಟ್ಟೆ. ಮಿಕ್ಕ ಸೀಟಿನ ಚರ್ಮದಲ್ಲಿ ಬೋಲ್ಟಿಗೊಂದು ಚೀಲವನ್ನೂ ಹೊಲಿದೆ. ನಾಸಿರ ತಕ್ಷಣ ಒಪ್ಪಿದ. ಅಜ್ಜ ಚೀಲವನ್ನೇ ನೋಡುತ್ತಾ ಕೂತರು.

“ವ್ಯಾಪಾರಿ, ನನ್ನನ್ನೇ ಅರ್ಧ ಮಾಡಿದೆಯಲ್ಲ!” ಎಂದರು. ಬೋಲ್ಟು ಕೊಡಲು ಒಪ್ಪಿದರು, ಆದರೆ ಅಂದು ಚಹಾ ಮುಗಿಸದೆ ಎದ್ದು ಹೋದರು. ಬಿಸಿ ಲೋಟದ ನನ್ನ ಸಿದ್ಧಾಂತ ಸೋತದ್ದು ಅದೊಂದೇ ಸಲ.

ಈದ್ ದಿನ ನಾನೂ ಮೈದಾನಕ್ಕೆ ಹೋದೆ. ನಾಸಿರ ಮನಸ್ಸಿಲ್ಲದ ಮನಸ್ಸಿನಿಂದ ಚೀಲ ಕೊಟ್ಟ. ಅಜ್ಜ ಮುಂದಿನ ಸಾಲಿನಲ್ಲಿ ನಿಂತು, ಮುಗಿಲಿಗೆ ಗುರಿಯಿಟ್ಟು ಹಾರಿಸಿದರು. ಮದ್ದಿನ ಹೊಗೆ, ಬಂದೂಕಿನ ಎಣ್ಣೆಯ ವಾಸನೆ. ಡೋಲು ನಿಂತದ್ದೇ ನಾಸಿರ ಕೈಚಾಚಲು ಸಿದ್ಧನಾಗಿ ಅವರ ಕಡೆ ನಡೆದ. ಅಷ್ಟರಲ್ಲಿ ಅಜ್ಜ ತಾವೇ ಬೋಲ್ಟು ಕಳಚಿ, ಚೀಲಕ್ಕೆ ಹಾಕಿ, ಮುಂದೆ ಹಿಡಿದಿದ್ದರು.

“ಯಲ್ಲಾ, ಬೇಗ ತಗೋ. ನೀನು ಬಾಯಿಬಿಟ್ಟು ಕೇಳುವ ಹಾಗೆ ಆಗಬಾರದು.”

ನಾಸಿರ ಅವರ ಬೆರಳುಗಳನ್ನು ಚೀಲದ ಮೇಲೆ ಮಡಚಿದ. “ಇರಲಿ ದೊಡ್ಡಪ್ಪ. ಬಂದೂಕಿಗೆ ಬೀಗದ ಪೆಟ್ಟಿಗೆ ನಾನು ತರುತ್ತೇನೆ. ಬೀಗದಕೈ ನಿಮ್ಮದೇ.”

ಜೀವಮಾನವೆಲ್ಲ ಚೌಕಾಸಿ ಮಾಡಿದ ನನಗೆ ಈ ಕರಾರು ಹೊಳೆದೇ ಇರಲಿಲ್ಲ ನೋಡಿ.

ಈಗ ನನ್ನ ಬ್ಯಾಂಕಿನ ವ್ಯವಹಾರವೆಲ್ಲ ಮಗನ ಮೊಬೈಲಿನಲ್ಲಿದೆ. ಪಾಸ್‌ವರ್ಡು ನನಗೆ ನೆನಪುಳಿಯುವುದಿಲ್ಲ. ಇತ್ತೀಚೆಗೆ ಅವನು, “ಅಪ್ಪ, ಇನ್ನು ಸ್ಕೂಟರ್ ಸಾಕು, ರಿಸ್ಕ್ ಬೇಡ” ಎಂದು ಶುರುಮಾಡಿದ್ದಾನೆ. ಗಂಟಲು ಹರಿಯುವಷ್ಟು ವಾದಿಸಿದೆ, ಜಗ್ಗಲಿಲ್ಲ. ಆದರೆ ಎಣ್ಣೆಯ ವಾಸನೆ ಬಡಿದ ಆ ಸಂಜೆಯಿಂದ, ಪೇಟೆಯಿಂದ ಬಂದವನೇ ಸ್ಕೂಟರಿನ ಕೀಲಿಕೈಯನ್ನು ಅವನು ಕೇಳುವ ಮೊದಲೇ ಅವನ ಅಂಗೈಯಲ್ಲಿ ಇಡುತ್ತಿದ್ದೇನೆ. ನಿನ್ನೆ ಅವನು ಅದನ್ನು ಜೇಬಿಗೆ ಹಾಕದೆ ಅಂಗೈಯಲ್ಲೇ ಆಡಿಸುತ್ತಾ ನಿಂತ.

“ಇದೆಂತ ನಿಮ್ಮ ಹೊಸ ನಾಟಕ?” ಎಂದಳು ಹೆಂಡತಿ.

“ನೀನು ಸುಮ್ಮನೆ ಅವನಿಗೊಂದು ಲೋಟ ಚಹಾ ಕೊಡು,” ಎಂದೆ. “ಬಿಸಿ ಇರಲಿ.”