ಪರಮಪ್ರಸಾದಕ್ಕೆ ಜೋಳದ ರೊಟ್ಟಿ

ಮೊನ್ನೆ ತಾವರಗೇರಾದ ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿಯ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಂತೋನಿ ಸರ್ ನೆನಪಾದರು. ರೊಟ್ಟಿಗೂ ತತ್ತ್ವಶಾಸ್ತ್ರದ ಮೇಷ್ಟರಿಗೂ ಏನು ಸಂಬಂಧ ಅಂತೀರಿ? ಹೇಳುತ್ತೇನೆ, ಊರು ಬರುವವರೆಗೂ ನಾನು ಅದನ್ನೇ ನೆನೆಯುತ್ತ ಕೂತಿದ್ದೆ.

ಗಂಗಾವತಿಯ ನಮ್ಮ ಮನೆಯ ಮುಂದಿನ ಕೋಣೆಗಳಲ್ಲಿ ಸರ್, ಅವರ ಹೆಂಡತಿ ಲಿಲ್ಲಿ ಅಕ್ಕ, ಮಗಳು ರೀಟಾ ಬಾಡಿಗೆಗಿದ್ದರು. ಮಂಗಳೂರು ಕಡೆಯ ಕ್ಯಾಥೊಲಿಕರು. ಮಾತು ಮಾತ್ರ ನಮ್ಮದೇ ಆಗಿಬಿಟ್ಟಿತ್ತು. ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರೂ ಅವರೇ. ಅವರ ಪಾಠವೆಂದರೆ ಇದು: ಹಿಂದೆ ಫ್ರಾನ್ಸಿನ ತತ್ತ್ವಜ್ಞಾನಿಯೊಬ್ಬ ಎಲ್ಲವನ್ನೂ ಸಂಶಯಿಸುತ್ತ ಕೂತನಂತೆ. ಸಂಶಯಿಸುವ ತಾನಿದ್ದೇನೆ ಎಂಬುದೊಂದು ಸಂಶಯಕ್ಕೆ ಸಿಗಲಿಲ್ಲವಂತೆ. ಅಲ್ಲಿಂದ ಬರೀ ಬುದ್ಧಿಯನ್ನೇ ಹಿಡಿದು ದೇವರಿದ್ದಾನೆಂದು ಸಾಧಿಸಿದನಂತೆ. ಇಷ್ಟೆಲ್ಲ ಮಾಡಿದವನ ಪುಸ್ತಕಗಳನ್ನು ಅವನು ಸತ್ತ ಮೇಲೆ ಅವನದೇ ಚರ್ಚು ಓದಬೇಡಿರೆಂದಿತು!

ಚರ್ಚಿನ ಈ ಜಗಳ ರೊಟ್ಟಿಯದೂ ಹೌದು. ವಸ್ತುವೆಂದರೆ ಉದ್ದ, ಅಗಲ, ದಪ್ಪ, ಅಷ್ಟೇ ಎಂದಿದ್ದ ಅವನು. ಹಾಗಾದರೆ ಚರ್ಚಿನ ಪೂಜೆಯಲ್ಲಿ ಪರಮಪ್ರಸಾದವೆಂದು ಕೊಡುವ ರೊಟ್ಟಿ ಬಣ್ಣ ರುಚಿ ಹಾಗೇ ಇಟ್ಟುಕೊಂಡು ಒಳಗೆ ಕ್ರಿಸ್ತನ ದೇಹವಾಗುವುದು ಹೇಗೆ? ಅವನೂ ಭಕ್ತನೇ, ತನಗೆ ತಿಳಿದ ಸಮಾಧಾನ ಹೇಳಿದ್ದ. ನಮ್ಮ ಸರ್‌ಗೆ ಅದು ಸಾಲಲಿಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವರು, ಪರಮಪ್ರಸಾದದ ಸಾಲಿಗೆ ಮಾತ್ರ ಏಳರು. ನಂಬದೆ ಬಾಯಿ ತೆರೆದರೆ ಸುಳ್ಳು ಹೇಳಿದಂತೆ ಎನ್ನುವರು.

ಆ ವರ್ಷ ರೀಟಾಳ ಮೊದಲ ಪರಮಪ್ರಸಾದ. ಅಪ್ಪ ಜೊತೆಗೆ ನಿಲ್ಲದಿದ್ದರೆ ತಾನೂ ಒಲ್ಲೆ ಎಂದು ಹುಡುಗಿ ಹಟ ಹಿಡಿದಳು. ಲಿಲ್ಲಿ ಅಕ್ಕ ನಮ್ಮ ಒಲೆಯ ಮುಂದೆ ಕೂತು ಇದನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡರು. ಅವ್ವನಿಗೆ ತಿಳಿದದ್ದು ಒಂದೇ: ಚರ್ಚಿಗೆ ರೊಟ್ಟಿ ಬೇಕಾಗಿದೆ. ಪ್ರಸಾದದ ದಿನ ಬೆಳಿಗ್ಗೆ ತೆಳ್ಳಗೆ ಬಡಿದು, ಗರಿಗರಿ ಸುಟ್ಟು, ಬಿಳಿ ಅರಿವೆಯಲ್ಲಿ ಕಟ್ಟಿ, ನಮ್ಮೆಲ್ಲರ ಜೊತೆ ಚರ್ಚಿಗೆ ಬಂದು ಫಾದರ್ ಕೈಗೇ ಕೊಟ್ಟಳು.

ಫಾದರ್ ಎರಡೂ ಕೈಯಿಂದ ಇಸಿದುಕೊಂಡರು. "ಅಮ್ಮಾರ, ಇದಕ್ಕ ಗೋದಿದೇ ಆಗಬೇಕ್ರಿ. ಜ್ವಾಳದ್ದು ನಡಿಯೂದಿಲ್ಲ."

ಅವ್ವನ ಮುಖ ಸಣ್ಣದಾಯಿತು. ಸರ್‌ಗೆ ಸಿಟ್ಟು ಬಂತು.

"ಒಳಗಿಂದೆಲ್ಲಾ ಬದಲಾಗೂದು ಖರೆ ಇದ್ರ, ಮೊದಲ ಗೋದಿ ಇದ್ರೇನು, ಜ್ವಾಳ ಇದ್ರೇನ್ರಿ?"

"ಬದಲಾಗೂದಿಲ್ಲ ಅನ್ನಾವ್ರು ನೀವು," ಫಾದರ್ ನಕ್ಕರು. "ಮತ್ತ ಅದರ ಸಲುವಾಗಿ ಇಷ್ಟ್ಯಾಕ ಜಗಳಾಡ್ತೀರಿ ಸರ?"

 ಊಟಕ್ಕಾದರೂ ಆಗುತ್ತದೆ ಬಿಡಿರೆಂದು ಅವ್ವನೇ ರಾಜಿ ಮಾಡಿಸಿದಳು.

ಪೂಜೆಯಲ್ಲಿ ಸಾಲು ಹೊರಟಾಗ ಸರ್ ಎದ್ದರು. ಮಗಳ ಹಿಂದೆ ನಿಂತರು. ತಮ್ಮ ಪಾಳಿ ಬಂದಾಗ ಬಾಯಿ ತೆರೆಯಲಿಲ್ಲ. ಎದೆಯ ಮೇಲೆ ಕೈ ಕಟ್ಟಿ ತಲೆ ಬಗ್ಗಿಸಿದರು. ಫಾದರ್ ಪ್ರಸಾದದ ಬದಲು ತಲೆಯ ಮೇಲೆ ಕೈಯಿಟ್ಟು ಹರಸಿದರು. ತನಗೆ ಕೊಟ್ಟದ್ದನ್ನು ಅಪ್ಪನಿಗೇಕೆ ಕೊಡಲಿಲ್ಲವೆಂದು ರೀಟಾ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

"ನಂದಿನ್ನ ಕಲಿಯೂದು ಮುಗದಿಲ್ಲವ್ವಾ," ಎಂದರು ಸರ್. ಹುಡುಗಿ ಅವರ ಬೆರಳು ಹಿಡಿದುಕೊಂಡು ವಾಪಸು ಬಂದಳು. ಲಿಲ್ಲಿ ಅಕ್ಕನಿಗೆ ಅಷ್ಟೇ ಸಾಕಾಗಿತ್ತು.

ನನಗೆ ಸಾಕಾಗಿರಲಿಲ್ಲ. ಹೊಸದಾಗಿ ಸಂಶಯ ಕಲಿತ ವಯಸ್ಸು. ನಂಬಲಿ, ಇಲ್ಲವೇ ಬಿಡಲಿ, ಇದೇನು ನಡುವೆ ನಿಲ್ಲುವುದು ಎನಿಸಿತ್ತು. ಆ ಬಿಗುವಿನಲ್ಲೇ ಇಷ್ಟು ವರ್ಷ ಬದುಕಿದೆ. ಹೇಮಗುಡ್ಡದ ದೇವಿಗೆ ಹೋಗೋಣ ಬಾ ಎಂದು ನನ್ನ ಅಕ್ಕ ಪ್ರತಿ ವರ್ಷ ಕರೆಯುತ್ತಾಳೆ. ನಂಬಿಕೆಯಿಲ್ಲದೆ ಬರುವುದು ಮೋಸವೆಂದು ನಾನು ಪ್ರತಿ ವರ್ಷ ತಪ್ಪಿಸುತ್ತೇನೆ. ಈಗೀಗ ಗುಡ್ಡ ಹತ್ತಲು ಆಕೆಯ ಮೊಣಕಾಲು ಒಪ್ಪುವುದಿಲ್ಲ.

ಬಸ್ಸಿಳಿದು ಅಕ್ಕನಿಗೆ ಫೋನ್ ಮಾಡಿದೆ.

"ಈ ಸಲ ನಾನೂ ಬರ್ತೀನಿ. ಕೈ ಮುಗೀತೀನೋ ಇಲ್ಲೋ, ಈಗ ಕೇಳಬ್ಯಾಡ."

"ಯಾರು ಕೇಳ್ಯಾರ?" ಅಂದಳು ಅಕ್ಕ. "ಗುಡ್ಡಾ ಹತ್ತೂವಾಗ ನನ್ನ ರಟ್ಟಿ ಹಿಡಕೊಂಡ್ರ ಸಾಕು."