ಉಮಾಬಾಯಿ ತೆಗೆದ ದೆವ್ವದ ಸಿನೆಮಾ

ಅಫಜಲಪುರದ ಉಮಾಬಾಯಿ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದವಳು. ಮದುವೆ ಮುಂಜಿವೆಗಳಲ್ಲಿ ಆಕೆಯ ಮುಖ ಯಾರಿಗೂ ಬೇಡವಾಗಿತ್ತು. ಆದರೆ ಬೇಸಿಗೆಯ ಮಧ್ಯಾಹ್ನ ಶಾವಿಗೆ ಹೊಸೆಯಲು ಕೂತ ಹೆಂಗಸರಿಗೆ ಆಕೆಯ ಬಾಯಿ ಮಾತ್ರ ಬೇಕೇ ಬೇಕು. ದೆವ್ವದ ಕಥೆ ಹೇಳುವುದರಲ್ಲಿ ಆಕೆಯನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಹಾಡುಹಗಲಲ್ಲಿ ಕೇಳಿದವರೂ ಹಿತ್ತಲಿಗೆ ಒಬ್ಬರೇ ಹೋಗಲು ಅಂಜುತ್ತಿದ್ದರು. ಓಣಿಯ ಪೀರಬಿ ಬಳೆ ಮಾರಲು ಬಂದವಳು ಬುಟ್ಟಿ ಇಳಿಸಿದರೆ ಕಥೆ ಮುಗಿಯುವ ತನಕ ಏಳುತ್ತಿರಲಿಲ್ಲ.

ಸಾವಿರದ ಒಂಬೈನೂರಾ ನಲವತ್ತೇಳರಲ್ಲಿ ಉಮಾಬಾಯಿ ಆಳಂದಕ್ಕೆ ಹೋದಳು. ಅಲ್ಲಿ ಮಾಸ್ತರನಾಗಿದ್ದ ತಮ್ಮ ನರಸಿಂಹನ ಹೆಂಡತಿಯ ಬಾಣಂತನಕ್ಕೆ ಕೈ ಬೇಕಿತ್ತು. ಊರ ಹೊರಗಿನ ಬಯಲಿಗೆ ಟೆಂಟ್ ಸಿನೆಮಾ ಬಂದಿತ್ತು. ಅಕ್ಕನ ಹಟಕ್ಕೆ ಸೋತ ನರಸಿಂಹ ಆಕೆಯನ್ನು ಹೆಂಗಸರ ಪರದೆಯ ಹಿಂದೆ ಕೂಡಿಸಿ ಬಂದ. ತೆರೆಯ ಮೇಲೆ ದೆವ್ವ ಬಂತು, ಟೆಂಟು ಚೀರಿತು. ಉಮಾಬಾಯಿಗೆ ಮಾತ್ರ ಸಿಟ್ಟು ಬಂತು. ಮನೆಗೆ ಬರುವ ದಾರಿಯಲ್ಲಿ ತಮ್ಮನಿಗೆ ಅಂದಳು:

"ಇದೇನೋ ನರಸಿಂಹ, ಬಾಗಲಾ ತಗಿಯೂಕಿಂತ ಮೊದಲ ದೆವ್ವಾ ತೋರಿಸ್ಯಾರ! ಅಂಜಿಕಿ ಇರೂದು ಬಾಗಲದಾಗ. ದೆವ್ವದಾಗ ಏನೈತಿ, ಹಾಳು ಮಣ್ಣು?"

ಮರುದಿನದಿಂದಲೇ ಆಕೆ ತಮ್ಮನ ಶಾಲೆಯ ನೋಟುಪುಸ್ತಕದಲ್ಲಿ ಬರೆಯಲು ಕೂತಳು. ಪುಟದ ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು, ಯಾರೂ ಹೇಳಿಕೊಟ್ಟದ್ದಲ್ಲ. ಕಥೆ ಒಂದು ವಾಡೆಯದು, ಕೋಟೆಯಂಥ ದೊಡ್ಡ ಮನೆ. ಹೊಸದಾಗಿ ಬಂದ ಸೊಸೆಗೆ ಮುಚ್ಚಿದ ಕೋಣೆಯಿಂದ ಬಳೆ ಒಡೆಯುವ ಸಪ್ಪಳ ಕೇಳುತ್ತದೆ. ಮನೆಯವರೆಲ್ಲ ನಮಗೇನೂ ಕೇಳಿಸಲಿಲ್ಲ ಎನ್ನುತ್ತಾರೆ. ಕಡೆಗೆ ಬಾಗಿಲು ತೆಗೆದರೆ ಒಳಗಿರುವುದು ದೆವ್ವವಲ್ಲ. ಆ ಮನೆಯವರೇ ಕೂಡಿಹಾಕಿ, ಸತ್ತಳೆಂದು ಊರಿಗೆ ಸಾರಿದ ಹಿರಿಯ ಸೊಸೆ.

ಟೆಂಟಿನ ಮಾಲೀಕ ಪ್ರಹ್ಲಾದರಾಯನಿಗೆ ಸ್ವಂತ ಸಿನೆಮಾ ತೆಗೆಯುವ ಹುಚ್ಚಿತ್ತು. ನರಸಿಂಹ ಕೊಟ್ಟ ನೋಟುಪುಸ್ತಕ ಓದಿ ಅವನೇ ಮನೆಗೆ ಬಂದ. "ಉಮಾಬಾಯಾರ, ಪುಸ್ತಕ ಕೈಯಾಗ ಹಿಡದಾಗಿಂದ ಬಾಗಲ ಹಾಕ್ಕೊಂಡ ಕೂತೇನಿ. ನಿಮ್ಮ ಹೆಸರ ತೆರಿ ಮ್ಯಾಲ ಬರ್ತದ, ನನ್ನ ಮಾತು," ಎಂದ.

ಆದರೆ ಆ ವರ್ಷ ಕಳೆಯುವಷ್ಟರಲ್ಲಿ ನಿಜಾಮನ ಸೀಮೆಯಲ್ಲಿ ಅವನ ಪರ ನಿಂತ ಪುಂಡರ ಹಾವಳಿ ಎದ್ದಿತು. ಊರಿಗೂರೇ ಗಡಿ ದಾಟಿತು. ಉಮಾಬಾಯಿಯೂ ತಮ್ಮನ ಸಂಸಾರದೊಂದಿಗೆ ಸೊಲ್ಲಾಪುರದ ಬಾಡಿಗೆ ಕೋಣೆ ಸೇರಿದಳು. ಪ್ರಹ್ಲಾದರಾಯನೂ ಟೆಂಟು ಕಿತ್ತು ಅಲ್ಲಿಗೇ ಬಂದಿದ್ದ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಕೂಸಿನ ತೊಟ್ಟಿಲು. ನಡುವೆ ಕೂತು ಆಕೆ ನಾಲ್ಕು ತಿಂಗಳು ಆ ಕಥೆಯನ್ನು ತಿದ್ದಿ ತೀಡಿ ರಾಯನ ಕೈಗೆ ಕೊಟ್ಟಳು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಸೈನ್ಯ ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ದೀಪಾವಳಿ ಕಳೆದ ಮೇಲೆ ಸಿನೆಮಾ ತೆಗೆಯಲು ಎಲ್ಲರೂ ಅಫಜಲಪುರಕ್ಕೆ ಬಂದರು. ನರೋಣಾದ ಶಾಂತಲಿಂಗಪ್ಪ ತನ್ನ ಸ್ವಂತ ಕ್ಯಾಮೆರಾ ಹೊತ್ತು ಜೊತೆಗಿದ್ದ. ಓಣಿ ಹೊಕ್ಕ ಉಮಾಬಾಯಿ ಅಲ್ಲೇ ನಿಂತುಬಿಟ್ಟಳು. ಪೀರಬಿಯ ಮನೆ ಸುಟ್ಟು ಕರ್ರಗೆ ನಿಂತಿತ್ತು. ಹಾವಳಿ ಮಾಡಿದವರು ಯಾರೋ ಓಡಿಹೋಗಿದ್ದರು. ಸೇಡಿಗೆ ಹೊರಟವರ ಕೈಗೆ ಸಿಕ್ಕು ಸತ್ತವನು ಬಳೆ ಹೊರುತ್ತಿದ್ದ ಪೀರಬಿಯ ಗಂಡ. ಉಳಿದ ಒಂದು ಮೂಲೆಗೆ ತಟ್ಟಿ ಕಟ್ಟಿಕೊಂಡು ಪೀರಬಿ ಒಬ್ಬಳೇ ಇದ್ದಳು. "ಬಂದ್ರ್ಯಾ ಬಾಯಾರ?" ಎಂದಳು.

ಪ್ರಹ್ಲಾದರಾಯ ಮಾತ್ರ ಆ ಗೋಡೆಗಳನ್ನು ನೋಡಿ ಚಪ್ಪಾಳೆ ತಟ್ಟಿದ. "ಇದಕ್ಕಿಂತ ಚಲೋ ದೆವ್ವದ ಮನಿ ಎಲ್ಲಿ ಸಿಗ್ತದರಿ? ಹೊಗಿ ಮಸಿನೂ ಪುಕ್ಕಟ. ಈ ಮುದುಕಿನ್ನ ಎಂಟು ದಿನ ಬ್ಯಾರೆ ಕಡೆ ಕಳಸ್ರಿ." ಆಮೇಲೆ ಉಮಾಬಾಯಿಯ ಕಡೆ ತಿರುಗಿದ. "ಕಥಿ ಸ್ವಲ್ಪ ಬದಲ ಮಾಡೇನ್ರಿ. ಒಳಗಿರೂದು ಖರೇನ ದೆವ್ವಾ. ಬೋಳು ತಲಿ, ಕೆಂಪ ಸೀರಿ. ನೀವ ಒಮ್ಮೆ ಕ್ಯಾಮೆರಾ ಮುಂದ ನಿಂತ್ರ ಬಣ್ಣಾ ಬಳಿಯೂದೂ ಬ್ಯಾಡ. ಬರದವರ ಹೆಸರು ನಂದ ಇರಲಿ. ವಿಧವಾ ಹೆಣ್ಣಮಗಳ ಹೆಸರ ಮೊದಲಿಗೆ ಕಂಡ್ರ ಅಪಶಕುನ ಅಂತಾರ ಮಂದಿ."

ಮೂವತ್ನಾಲ್ಕು ವರ್ಷದ ಬದುಕಿನಲ್ಲಿ ಉಮಾಬಾಯಿ ಗಂಡಸರೆದುರು ದನಿ ಎತ್ತಿದವಳಲ್ಲ. ಈಗ ಅರ್ಧ ಓಣಿಗೆ ಕೇಳುವಂತೆ ಎತ್ತಿದಳು.

"ರಾಯರ, ಈ ತಲಿ ನಾ ಬೋಳಿಸಿಕೊಂಡಿಲ್ಲ, ಬೋಳಿಸ್ಯಾರ. ಈ ಮನಿ ತಾನ ಸುಟ್ಟಿಲ್ಲ, ಸುಟ್ಟಾರ. ಸುಟ್ಟವರು, ಬೋಳಿಸಿದವರು ಹೊಟ್ಟಿತುಂಬ ಉಂಡು ಕಟ್ಟಿ ಮ್ಯಾಲ ಕೂತಾರ. ನಿಮಗ ದೆವ್ವಾ ಆಗಿ ಕಾಣೂದು ನಾನು, ಈ ಪೀರಬಿ! ನಾಚಿಕಿ ಬರಂಗಿಲ್ಲೇನ್ರಿ? ಕೊಡ್ರಿ ನನ್ನ ಪುಸ್ತಕ!"

"ಅಕ್ಕ, ಸುಮ್ಮನಿರು. ದೊಡ್ಡವರು..." ಎಂದು ನರಸಿಂಹ ನಡುವೆ ಬಂದ.

"ನೀ ಸುಮ್ಮನ ಇದ್ದದ್ದ ಸಾಕು. ನನ್ನ ತಲಿ ಮ್ಯಾಲ ಕತ್ತಿ ಆಡಿಸಿದಾಗೂ ಎಲ್ಲಾರೂ ಸುಮ್ಮನ ಇದ್ರಿ."

ಪ್ರಹ್ಲಾದರಾಯ ನಕ್ಕು ನೋಟುಪುಸ್ತಕವನ್ನು ನೆಲಕ್ಕೆ ಎಸೆದ. "ಇಟ್ಕೋರಿ. ಕಥಿ ನನ್ನ ತಲ್ಯಾಗ ಐತಿ," ಎನ್ನುತ್ತ ಎತ್ತಿನ ಗಾಡಿ ಹತ್ತಿದ. ಆಳಂದದ ಕಡೆ ಬೇರೆ ವಾಡೆ ಹುಡುಕಿ, ಬೇರೆ ಕ್ಯಾಮೆರಾದವನನ್ನು ಗೊತ್ತು ಮಾಡಿ, ಅವನು ಅದೇ ಕಥೆಯನ್ನು ತನ್ನ ಹೆಸರಿನಲ್ಲಿ ತೆಗೆಯಲು ಶುರುಮಾಡಿದನೆಂಬ ಸುದ್ದಿ ವಾರದೊಳಗೆ ಬಂತು. ಕೇಳುವವರಿರಲಿಲ್ಲ. ಹೆಂಗಸಿನ ಬರಹಕ್ಕೆ ಸಾಕ್ಷಿ ಯಾರು?

ಬೇರೆ ಕ್ಯಾಮೆರಾದವನು ಏಕೆಂದರೆ, ಶಾಂತಲಿಂಗಪ್ಪ ಗಾಡಿ ಹತ್ತಿರಲಿಲ್ಲ. ತಲೆ ತಗ್ಗಿಸಿ ನಿಂತಿದ್ದವನು, "ಬಾಯಾರ, ಒಂದು ಡಬ್ಬಿ ಫಿಲ್ಮು ನನ್ನ ಕಡೆ ಐತ್ರಿ. ನಾಲ್ಕು ನಿಮಿಷಕ್ಕ ಆಗ್ತದ. ಸಪ್ಪಳ ಹಿಡಿಯೂ ಮಷೀನ ಇಲ್ಲ," ಎಂದ.

"ಸಪ್ಪಳ ನಾವು ಮಾಡ್ತೇವಿ," ಎಂದಳು ಉಮಾಬಾಯಿ.

ತನ್ನ ತವರುಮನೆಯ ನಡುಮನೆಯಲ್ಲೇ ಆಕೆ ಚಿತ್ರ ತೆಗೆಸಿದಳು. ಬೆಳಕು ಎಲ್ಲಿಂದ ಬೀಳಬೇಕು, ಕ್ಯಾಮೆರಾ ಬಾಗಿಲಿಗೆ ಎಷ್ಟು ಮೆಲ್ಲಗೆ ಹತ್ತಿರವಾಗಬೇಕು, ಚಿಲಕ ಯಾವಾಗ ಅಲುಗಬೇಕು, ಎಲ್ಲ ಆಕೆಯದೇ ಅಪ್ಪಣೆ. ದೆವ್ವವನ್ನು ತೋರಿಸಲೇ ಇಲ್ಲ. ಬಾಗಿಲು ತೆರೆಯಿತು, ಒಳಗೆ ಕೂತ ಹೆಣ್ಣು ಮುಖವೆತ್ತಿ ನೇರ ನೋಡುವವರನ್ನೇ ನೋಡಿತು. ಆ ಹೆಣ್ಣು ಉಮಾಬಾಯಿಯೇ. ಯಾರೋ ಹೇಳಿ ನಿಲ್ಲಿಸಿದ್ದಲ್ಲ, ತಾನೇ ಕೂತದ್ದು.

ಡಿಸೆಂಬರಿನಲ್ಲಿ ಸೊಲ್ಲಾಪುರದ ಒಂದು ಥೇಟರಿನವರು ಹಿಂದಿ ಸಿನೆಮಾಕ್ಕೆ ಮುಂಚೆ ಅದನ್ನು ತೋರಿಸಲು ಒಪ್ಪಿದರು. ತೆರೆಯ ಹಿಂದೆ ಉಮಾಬಾಯಿ, ಪಕ್ಕದಲ್ಲಿ ಪೀರಬಿ. ತೆರೆಯ ಮೇಲೆ ಬಾಗಿಲು ಹತ್ತಿರವಾದಂತೆ ಪೀರಬಿ ಸುಟ್ಟ ಮನೆಯಲ್ಲಿ ಉಳಿದಿದ್ದ ಬಳೆಗಳನ್ನು ಕಲ್ಲಿನ ಮೇಲೆ ಒಂದೊಂದಾಗಿ ಒಡೆದಳು. ಹೊರಗೆ ಮೊದಲು ಪಿಸುಮಾತು, ಆಮೇಲೆ ಅದೂ ನಿಂತಿತು. ಬಾಗಿಲು ತೆರೆದಾಗ ಹೆಂಗಸರ ಕಡೆಯಿಂದ ಎದ್ದದ್ದು ಚೀರಾಟವಲ್ಲ, ಅಳು.

ಥೇಟರಿನ ಮಾಲೀಕ ಓಡಿ ಬಂದ. ದಿನಾ ತೋರಿಸೋಣ, ಮುಂದೆ ಇಡೀ ಸಿನೆಮಾವನ್ನೇ ಬರೆದು ತೆಗೆಯಿರಿ, ನಾನಿದ್ದೇನೆ ಎಂದ. ಕಡೆಗೆ ದನಿ ತಗ್ಗಿಸಿದ. "ಹೆಸರ ಮಾತ್ರ ನಿಮ್ಮ ತಮ್ಮಂದು ಹಾಕೂಣೇನ್ರಿ? ಶೋಭಸ್ತದ."

ಉಮಾಬಾಯಿ ಮೂಲೆಯಲ್ಲಿದ್ದ ನರಸಿಂಹನತ್ತ ಒಮ್ಮೆ ನೋಡಿದಳು.

"ಹಾಕ್ರಿ," ಎಂದಳು ಉಮಾಬಾಯಿ, ಸೆರಗು ಬಿಗಿದು. "ಹಂಗಂದ್ರ ಅವನ ಕಡಿಂದನ ಬರೆಸ್ರಿ. ಅವನ ಕಡಿಂದನ ತಗಸ್ರಿ. ಏಳ ಪೀರಬಿ, ಹೋಗೂಣು."

ಮಾಲೀಕ ಮೆಟ್ಟಿಲ ತನಕ ಹಿಂದೆ ಬಂದು, ಆಕೆಯ ಹೆಸರನ್ನೇ ಹಾಕುವುದಾಗಿ ಒಪ್ಪಿದ. ಆಕೆ ಬಾಯಿಮಾತನ್ನು ನಂಬಲಿಲ್ಲ. ಕಾಗದ ತರಿಸಿದಳು, ತಾನೇ ಬರೆದಳು, ಅವನ ಕಡೆಯಿಂದ ಸಹಿ ಮಾಡಿಸಿಕೊಂಡಳು.