ಹದಿನೆಂಟು ಕೈ ಎಣಿಸಬೇಕೆಂದವಳು

ಹೋದ ತಿಂಗಳು ಮಸ್ಕಿ ಬಸ್ ನಿಲ್ದಾಣದಲ್ಲಿ ಲಿಂಗಸುಗೂರು ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಯಾರೋ ಬುತ್ತಿ ಗಂಟು ಬಿಚ್ಚಿದರು. ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ... ಆ ವಾಸನೆಗೆ ಹಸಿವಾಗಬೇಕಿತ್ತು, ಹೆದರಿಕೆಯಾಯಿತು. ತಿರುಗಿ ನೋಡಲಿಲ್ಲ. ನೋಡಿದರೆ ಆಕೆಯೇ ಕೂತಿರುತ್ತಾಳೆ ಅನ್ನಿಸಿತು.

ಆಕೆ ನಮ್ಮ ಪ್ರವಾಸದ ಬಸ್ಸಿನ ಅಡುಗೆಯವಳು. ಆಗ ನಾನು ಸಿಂಧನೂರಿನಿಂದ ಬಾಡಿಗೆ ಬಸ್ಸು ಮಾಡಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಾಪುರ, ಹಂಪಿ ಅಂತ ಜನರನ್ನು ಸುತ್ತಿಸಿಕೊಂಡು ಬರುತ್ತಿದ್ದೆ. ಇಳೀರಿ, ನೋಡ್ರಿ, ಹತ್ರಿ, ಇಷ್ಟೇ ನನ್ನ ಮಂತ್ರ. ಕೈಗಡಿಯಾರ ನೋಡಿದಷ್ಟು ನಾನು ಗುಡಿ ನೋಡಿದವನಲ್ಲ. ಐದು ದಿನದಲ್ಲಿ ಇಷ್ಟೊಂದು ಊರು ಮುಗಿಸಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಜಂಬದ ಕೋಳಿ.

ಆಕೆ ಸಂತೆಕಲ್ಲೂರಿನವಳು. ಬಸ್ಸಿನವರಿಗೆಲ್ಲ ಚಿಗವ್ವ. ಮಸ್ಕಿಯಲ್ಲಿ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಮುದಗಲ್ ಕೋಟೆ ಬಂತೆಂದರೆ ಅವನ ಹೆಗಲು ತಟ್ಟಿ, “ಜರಾ ಸಾವಕಾಶ ಹೊಡಿಯಪ್ಪಾ, ಗ್ವಾಡಿ ನೋಡಾಕತ್ತೀನಿ” ಅನ್ನುವಳು. ನೂರು ಸಲ ನೋಡಿದ ಗೋಡೆ. ನನಗೆ ರೇಗುತ್ತಿತ್ತು.

ಇಷ್ಟು ಊರು ತಿರುಗಿದರೂ ಆಕೆ ಯಾವುದರ ಒಳಗೂ ಹೋದವಳಲ್ಲ. ಜನ ನೋಡಲು ಹೋದಾಗಲೇ ಆಕೆ ಒಲೆ ಹೊತ್ತಿಸಬೇಕು, ಅವರು ಬರುವಷ್ಟರಲ್ಲಿ ಊಟ ಆಗಿರಬೇಕು. ಹಾಗಾಗಿ ತಾಟು ಕೊಡುವ ಮುಂಚೆ ಒಬ್ಬೊಬ್ಬರನ್ನೂ ಕೇಳುವಳು, “ಏನ್ ನೋಡಿ ಬಂದ್ರಿ? ಒಂದ್ ಹೇಳ್ರಿ.” ಜನ “ಭಾಳ ಚಲೋ ಐತಿ” ಅಂದು ತಾಟಿಗೆ ಕೈ ಚಾಚುವರು. ಆಕೆಗೆ ಅಷ್ಟು ಸಾಲದು. ಕಲ್ಲು ತಣ್ಣಗಿತ್ತೇನು, ಮೂರ್ತಿ ಯಾವ ಕಡೆ ನೋಡ್ತದ, ಬೆಳಕು ಎಲ್ಲಿಂದ ಬೀಳ್ತದ... ಎಷ್ಟೋ ಸಲ ಹೋಗಿ ಬಂದ ನನಗೇ ಉತ್ತರ ಗೊತ್ತಿರುತ್ತಿರಲಿಲ್ಲ.

ಒಮ್ಮೆ ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ ಹದಿನಾರು ಕೈ ಅಂದುಬಿಟ್ಟೆ. ಹಿಂದೆ ನಿಂತಿದ್ದ ಟೀಚರೊಬ್ಬರು ಹದಿನೆಂಟು ಎಂದು ತಿದ್ದಿದರು. ಚಿಗವ್ವ ಸೌಟು ಹಿಡಿದುಕೊಂಡೇ ನಕ್ಕಳು.

“ಎರಡು ಕೈ ಎಲ್ಲಿ ಬಿಟ್ಟು ಬಂದ್ಯೋ ತಮ್ಮಾ? ಮುಂದಿನ ಸಲ ನಾನೇ ಹೋಗಿ ಎಣಸ್ತೀನಿ. ಕರ್ಕೊಂಡು ಹೋಗ್ತೀಯಿಲ್ಲೋ?”

ಹೂಂ ಅಂದೆ.

ಮುಂದಿನ ಸಲ ಆಕೆ ಮರೆತಿರಲಿಲ್ಲ. ಬಾದಾಮಿಯ ದಿನ ನಸುಕಿನಲ್ಲೇ ಎದ್ದು ಎರಡೂ ಹೊತ್ತಿನ ರೊಟ್ಟಿ ಬಡಿದಿಟ್ಟಳು. ಮಧ್ಯಾಹ್ನ ಜನ ಗುಹೆ ನೋಡಿ ಇಳಿದು ಬಂದರು, ಉಂಡರು, ಬಸ್ಸಿನಲ್ಲಿ ಕೂತರು. ಅಷ್ಟರಲ್ಲಿ ಆಕೆ ಕೈಕಾಲು ತೊಳೆದು, ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು ನನ್ನ ಮುಂದೆ ಬಂದು ನಿಂತಳು. “ನಡಿಯಪ್ಪಾ.” ನಾನು ಗಡಿಯಾರ ನೋಡಿದೆ. ದಾರಿಯಲ್ಲಿ ಪಂಕ್ಚರ್ ಆಗಿ ತಡವಾಗಿತ್ತು. ಇನ್ನೊಂದು ತಾಸು ನಿಂತರೆ ಪಟ್ಟದಕಲ್ಲು ತಪ್ಪುತ್ತಿತ್ತು.

“ಗೇಟ್ ಹಾಕ್ಯಾರ ಚಿಗವ್ವ. ಮುಂದಿನ ಸಲ ನೋಡಿದ್ರಾತು.”

ಆಕೆ ತಲೆಯೆತ್ತಿ ನೋಡಿದಳು. ಕೆಂಪು ಬಂಡೆಯ ಮೆಟ್ಟಿಲ ಮೇಲೆ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ಹತ್ತುತ್ತಿದ್ದರು. ಬಿಸಿಲಿನಲ್ಲಿ ಒಬ್ಬೊಬ್ಬರೂ ನಿಚ್ಚಳವಾಗಿ ಕಾಣುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದಳು. ಬಸ್ಸಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು.

“ಆತು ಬಿಡಪ್ಪಾ” ಅಂದಳು. ಪಟ್ಟದಕಲ್ಲು ಮುಟ್ಟಿದ ಮೇಲೆ ಆ ಸೀರೆಯಲ್ಲೇ ಕೂತು ಪಾತ್ರೆ ತಿಕ್ಕಿದಳು.

ಅದರ ಮುಂದಿನ ಸಲ ಆಕೆ ಬರಲಿಲ್ಲ. ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ, ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಬಸ್ಸಿನ ಕೆಲಸವನ್ನೂ ಬಿಟ್ಟೆ.

ಈಗ ಒಬ್ಬನೇ ತಿರುಗುತ್ತೇನೆ. ಒಂದು ಊರಿಗೆ ಹೋದರೆ ಮೂರು ದಿನ, ನಾಲ್ಕು ದಿನ. ಒಂದೇ ಕಂಬದ ಮುಂದೆ ಅರ್ಧ ದಿನ ಕೂತಿರುತ್ತೇನೆ. ಏನು ತಾಳ್ಮೆ ನಿಮ್ಮದು ಎಂದು ಜನ ಹೊಗಳುತ್ತಾರೆ. ಅವರಿಗೇನು ಗೊತ್ತು... ಪ್ರತಿ ಗುಡಿಯಲ್ಲೂ ಆಕೆ ನನ್ನ ಬೆನ್ನ ಹಿಂದೆ ನಿಂತಿರುತ್ತಾಳೆ. ಒಂದಾದರೂ ಹೇಳು ಅನ್ನುತ್ತಾಳೆ. ಹೇಳುವಂಥದ್ದು ಸಿಗುವ ತನಕ ಅಲ್ಲಿಂದ ಕಾಲು ಕೀಳಲು ನನಗೆ ಆಗುವುದಿಲ್ಲ. ಬಾದಾಮಿಗೆ ಮಾತ್ರ ಮತ್ತೆ ಹೋಗಿಲ್ಲ.

ಮಸ್ಕಿಯಲ್ಲಿ ಅವತ್ತು ನನ್ನ ಬಸ್ಸು ಬಂತು, ಹತ್ತಲಿಲ್ಲ. ಇನ್ನೆಷ್ಟು ವರ್ಷ ಹೀಗೆ ಹೆದರುವುದು ಅನ್ನಿಸಿ ಸಂತೆಕಲ್ಲೂರಿನ ಆಟೊ ಹತ್ತಿದೆ. ಚಿಗವ್ವನ ಮನೆಯಲ್ಲಿ ಈಗ ಅವಳ ಮಗಳಿದ್ದಾಳೆ. ಸಿಂಧನೂರಿನ ಟೂರಿನವನು ಅಂದದ್ದೇ ತಡ, ಒಳಗೆ ಕರೆದು ಚಾಪೆ ಹಾಸಿದಳು, ನೀರು ಕೊಟ್ಟಳು. ಮಾಡಿದ ತಪ್ಪು ಒಪ್ಪಿಕೊಳ್ಳಬೇಕೆಂದು ಹೋದವನಿಗೆ ಬಾಯಿ ತೆರೆಯಲು ಬಿಡಲಿಲ್ಲ.

“ಅವ್ವ ಸಾಯೂ ತನಕ ನಿಮ್ಮನ್ನ ನೆನಸ್ತಿದ್ಲ್ರಿ ಸರ. ಬಾದಾಮ್ಯಾಗ ಕೈ ಹಿಡದು ಮ್ಯಾಲ ಹತ್ತಿಸಿದ್ರಂತ. ಹದಿನೆಂಟೂ ಕೈ ಎಣಿಸಿ ಬಂದೀನಿ ಅಂತ ಓಣಿ ತುಂಬ ಹೇಳ್ಯಾಳ.”

ಚೆಂಬು ಕೆಳಗಿಟ್ಟೆ. ಹೌದಮ್ಮಾ ಅಂದೆ. ಎರಡನೆಯ ಸುಳ್ಳು.

“ಅವ್ವ ನಿಂತು ನೋಡಿದ ಜಾಗ ನನಗೂ ಒಮ್ಮೆ ತೋರಸ್ರಿ. ನಾನೂ ಅಲ್ಲೇ ನಿಂದರಬೇಕ್ರಿ.”

ಬರುವ ಸೋಮವಾರ ಇಬ್ಬರೂ ಹೊರಟಿದ್ದೇವೆ. ಮಗಳು ಈಗಾಗಲೇ ಎರಡು ಸಲ ಫೋನ್ ಮಾಡಿ ಎಷ್ಟು ಮೆಟ್ಟಿಲು ಅಂತ ಕೇಳಿದ್ದಾಳೆ. ಅವಳ ಅವ್ವ ನಿಂತದ್ದು ಕೆಳಗೆ, ಬಸ್ಸು ನಿಲ್ಲಿಸುವ ಬಯಲಿನಲ್ಲಿ, ತಲೆಯೆತ್ತಿಕೊಂಡು. ಅಲ್ಲಿ ಇಳಿದು ಇದೇ ಜಾಗ ಎಂದು ಹೇಳುತ್ತೇನೋ, ಸುಮ್ಮನೆ ಮೆಟ್ಟಿಲು ಹತ್ತಿಸುತ್ತೇನೋ, ನನಗೇ ಗೊತ್ತಿಲ್ಲ.